ಓದುವ ಮಗಳ ಇಪ್ಪತ್ತನಾಲ್ಕು ಗಂಟೆ

"ಮಗಳು ಈಗ ಏನು ಮಾಡುತ್ತಿದ್ದಾಳೆ?"

ಮದುವೆ ಮನೆಯಲ್ಲೋ, ಆಸ್ಪತ್ರೆಯ ಸಾಲಿನಲ್ಲೋ ಯಾರಾದರೂ ಹೀಗೆ ಕೇಳಿದರೆ ನಮ್ಮ ತಾಯಂದಿರು ಕೊಡುವ ಉತ್ತರ ಒಂದೇ: "ಓದುತ್ತಿದ್ದಾಳೆ."

ಆ ಉತ್ತರದಲ್ಲಿ ಹೆಮ್ಮೆ ಇದೆ. ಒಂದೆರಡು ತಲೆಮಾರಿನ ಹಿಂದೆ ಐದನೆಯ ತರಗತಿಗೇ ಶಾಲೆ ಬಿಡುತ್ತಿದ್ದ ಹೆಣ್ಣುಮಕ್ಕಳ ಮೊಮ್ಮಕ್ಕಳು ಇಂದು ಬಿ.ಕಾಂ., ಬಿ.ಎಸ್ಸಿ. ಎಂದು ಪುಸ್ತಕ ಹಿಡಿದು ಬಸ್ಸು ಹತ್ತುತ್ತಿದ್ದಾರೆ. ಸಂತೋಷಪಡಬೇಕಾದ ಸಂಗತಿಯೇ. ಆದರೆ 'ಓದುತ್ತಿದ್ದಾಳೆ' ಎಂಬ ಆ ಒಂದು ಪದದೊಳಗೆ ಎಷ್ಟು ಕೆಲಸಗಳು ಅಡಗಿವೆ ಎಂದು ಯಾರಾದರೂ ಲೆಕ್ಕ ಹಾಕಿದ್ದೇವೆಯೇ? ಮನೆಯ ಖರ್ಚಿಗೆ ಲೆಕ್ಕದ ಪುಸ್ತಕ ಇಡುವ ನಾವು ಮಗಳ ಸಮಯಕ್ಕೆ ಲೆಕ್ಕ ಇಟ್ಟದ್ದುಂಟೇ?

ಇಂದು ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಒಂದು ದಿನದ ಲೆಕ್ಕ

ಕರಾವಳಿಯ ಒಂದು ಹಳ್ಳಿ. ಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ದಾರಿ. ಮನೆಯಲ್ಲಿ ಬೀಡಿ ಕಟ್ಟುವ ಉಮ್ಮ, ಹೊರಗೆ ದುಡಿಯುವ ತಂದೆ, ಇಬ್ಬರು ತಮ್ಮಂದಿರು. ಹಿರಿಯ ಮಗಳು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ಸಂಜೆ ನೆರೆಮನೆಯ ಮಕ್ಕಳಿಗೆ ಟ್ಯೂಶನ್ ಹೇಳಿಕೊಡುತ್ತಾಳೆ. ಕಸೂತಿ ಎಂದರೆ ಅವಳಿಗೆ ಜೀವ. ಇವಳು ಯಾರೆಂದು ಹೆಸರು ಹೇಳಬೇಕಾಗಿಲ್ಲ. ಇಂತಹ ಹುಡುಗಿಯರು ನಮ್ಮ ಊರೂರಿನಲ್ಲೂ ಇದ್ದಾರೆ. ಅಂತಹ ಒಬ್ಬಳ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ.

ಮುಂಜಾನೆ ಐದೂಕಾಲಕ್ಕೆ ಎದ್ದರೆ ಏಳೂಮುಕ್ಕಾಲಕ್ಕೆ ಬಸ್ಸು. ಅಷ್ಟರೊಳಗೆ ನಮಾಝ್, ಸ್ನಾನ, ತಿಂಡಿ ಒಂದು ಗಂಟೆ. ಉಮ್ಮನ ಜೊತೆ ಅಡುಗೆ, ತಮ್ಮಂದಿರ ಟಿಫಿನ್, ಕಸ ಗುಡಿಸುವುದು ಒಂದೂವರೆ ಗಂಟೆ. ಹೋಗಿ ಬರುವ ಪ್ರಯಾಣ ಎರಡೂವರೆ ಗಂಟೆ. ಕಾಲೇಜು ಒಂಬತ್ತರಿಂದ ಮೂರೂವರೆಯವರೆಗೆ, ಅಂದರೆ ಆರೂವರೆ ಗಂಟೆ. ನಾಲ್ಕೂಮುಕ್ಕಾಲಕ್ಕೆ ಮನೆ ಸೇರಿ ಅಸರ್ ನಮಾಝ್, ಒಂದು ಲೋಟ ಚಹಾ. ಐದರಿಂದ ಆರೂವರೆಯವರೆಗೆ ಟ್ಯೂಶನ್. ಮಗ್ರಿಬ್ ಬಳಿಕ ಏಳರಿಂದ ಎಂಟೂವರೆಯವರೆಗೆ ಮತ್ತೆ ಅಡುಗೆ ಮನೆ. ಇಶಾ, ಊಟ ಮುಗಿಯುವಾಗ ಒಂಬತ್ತೂಕಾಲು. ಮಾರನೆಯ ದಿನ ಮತ್ತೆ ಐದೂಕಾಲಕ್ಕೆ ಏಳಬೇಕು. ಏಳು ಗಂಟೆಯ ನಿದ್ದೆಯಾದರೂ ಬೇಕೆಂದರೆ ಹತ್ತೂಕಾಲಕ್ಕೆ ಮಲಗಲೇಬೇಕು.

ಎಲ್ಲ ಕೂಡಿಸಿ ಕಳೆದರೆ ಅವಳ ಕೈಯಲ್ಲಿ ಉಳಿಯುವುದು ಒಂದೇ ಒಂದು ಗಂಟೆ.

ಪಾಠ ಓದಲು, ಅಸೈನ್‌ಮೆಂಟ್ ಬರೆಯಲು, ಇಂಟರ್ನಲ್ ಪರೀಕ್ಷೆಗೆ ತಯಾರಾಗಲು, ಕಸೂತಿ ಹಾಕಲು, ಗೆಳತಿಯೊಂದಿಗೆ ನಾಲ್ಕು ಮಾತಾಡಲು, ಸುಮ್ಮನೆ ಕುಳಿತುಕೊಳ್ಳಲು ಎಲ್ಲದಕ್ಕೂ ಅದೇ ಒಂದು ಗಂಟೆ. ಅದೂ ಯಾವ ಗಂಟೆ? ಅತಿಥಿಗಳು ಬಂದರೆ, ಉಮ್ಮನಿಗೆ ಬೆನ್ನು ನೋವು ಹೆಚ್ಚಾದರೆ, ಬಸ್ಸು ಕೈಕೊಟ್ಟರೆ ಮೊದಲು ಮಾಯವಾಗುವ ಗಂಟೆ!

ಮೊದಲು ಹೋಗುವುದು ಯಾವುದು?

ಸಮಯ ಸಾಲದಾದಾಗ ಹುಡುಗಿ ಏನು ಮಾಡುತ್ತಾಳೆ? ಮೊದಲು ತನ್ನ ಆಸಕ್ತಿಯನ್ನು ಬಿಡುತ್ತಾಳೆ. ಕಸೂತಿಯ ಚೌಕಟ್ಟು ಅಟ್ಟ ಸೇರುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ. 'ಪರವಾಗಿಲ್ಲ, ಓದಿನ ಮುಂದೆ ಅದೇನು ದೊಡ್ಡದು' ಎಂದು ಅವಳೇ ಸಮಾಧಾನಪಟ್ಟುಕೊಳ್ಳುತ್ತಾಳೆ.

ಎರಡನೆಯದಾಗಿ ನಿದ್ದೆ ಹೋಗುತ್ತದೆ. ಹತ್ತೂಕಾಲು ಹನ್ನೊಂದೂವರೆಯಾಗುತ್ತದೆ. ಹದಿನೆಂಟು ದಾಟಿದವರಿಗೆ ದಿನಕ್ಕೆ ಏಳರಿಂದ ಒಂಬತ್ತು ಗಂಟೆ, ಅದಕ್ಕಿಂತ ಚಿಕ್ಕ ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ಹಗಲು ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಿದ್ದೆಗೆಟ್ಟು ಓದಿದ್ದು ಪರೀಕ್ಷೆಯ ಹಾಲ್‌ನಲ್ಲಿ ನೆನಪಿಗೆ ಬಾರದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದಾಗಿ ಕ್ಲಾಸು ಹೋಗುತ್ತದೆ. ಇದು ಬಹಳ ಮೆಲ್ಲಗೆ ಆರಂಭವಾಗುತ್ತದೆ. ವಾರಕ್ಕೊಂದು ದಿನ ರಜೆ. 'ಒಂದು ದಿನ ತಾನೇ, ಏನಾಗುತ್ತದೆ?' ಎಂದು ಮನೆಯವರೂ ಹೇಳುತ್ತಾರೆ. ಆದರೆ ಪರೀಕ್ಷೆಗೆ ಕುಳಿತುಕೊಳ್ಳಲು ಸಾಮಾನ್ಯವಾಗಿ ಶೇ. 75 ಹಾಜರಾತಿ ಬೇಕು. ಒಂದು ಸೆಮಿಸ್ಟರಿನಲ್ಲಿ 90 ದಿನ ತರಗತಿ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಗೈರುಹಾಜರಾಗಬಹುದಾದದ್ದು ಹೆಚ್ಚೆಂದರೆ 22 ದಿನ. ಹದಿನಾರು ವಾರಗಳಲ್ಲಿ ವಾರಕ್ಕೊಂದರಂತೆ 16 ದಿನ ಹೋಯಿತು. ಕುಟುಂಬದಲ್ಲಿ ಎರಡು ಮದುವೆ, ನಾಲ್ಕು ದಿನ. ಒಂದು ಸಲ ಜ್ವರ, ಮೂರು ದಿನ. ಒಟ್ಟು 23! ಒಂದೇ ಒಂದು ದಿನದ ಕೊರತೆಯಿಂದ ಮಗಳು ಪರೀಕ್ಷೆಯ ಹೊಸ್ತಿಲಲ್ಲಿ ನಿಲ್ಲಬೇಕಾಗುತ್ತದೆ. ಹಾಜರಾತಿಯನ್ನು ವಿಷಯವಾರು ಲೆಕ್ಕ ಹಾಕುವ ಕಾಲೇಜುಗಳಲ್ಲಂತೂ ಪ್ರತಿ ವಾರ ಅದೇ ದಿನ ತಪ್ಪಿಸಿಕೊಂಡರೆ ಆ ದಿನದ ವಿಷಯಗಳಿಗೆ ಇನ್ನೂ ಬೇಗ ಕುತ್ತು ಬರುತ್ತದೆ.

ಹೀಗೆ ಪರೀಕ್ಷೆ ತಪ್ಪಿದ ಹುಡುಗಿಯ ಬಗ್ಗೆ ನಾಳೆ ಊರಿನವರು ಏನೆನ್ನುತ್ತಾರೆ? 'ಅವಳಿಗೆ ಓದು ತಲೆಗೆ ಹತ್ತಲಿಲ್ಲ' ಎನ್ನುತ್ತಾರೆ. ಮನೆಯವರು 'ಇನ್ನು ಸಾಕು' ಎನ್ನುತ್ತಾರೆ. ಓದು ನಿಂತದ್ದು ಬುದ್ಧಿಯ ಕೊರತೆಯಿಂದಲ್ಲ, ಗಂಟೆಗಳ ಕೊರತೆಯಿಂದ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮನೆಗೆಲಸವೂ ಕೆಲಸವೇ

ಮಗ ಓದುತ್ತಿದ್ದಾನೆ ಎಂದರೆ ಅವನು ಕುಡಿದ ಲೋಟವನ್ನು ಬೇರೆಯವರು ಎತ್ತಿಡುತ್ತಾರೆ. ಮಗಳು ಓದುತ್ತಿದ್ದಾಳೆ ಎಂದರೆ ಆ ಲೋಟ ತೊಳೆದಿಟ್ಟ ಬಳಿಕ ಓದುತ್ತಾಳೆ. ಅನೇಕ ಮನೆಗಳಲ್ಲಿ ಇದು ಎಷ್ಟು ರೂಢಿಯಾಗಿದೆಯೆಂದರೆ ಅದು ಕಣ್ಣಿಗೇ ಬೀಳುವುದಿಲ್ಲ.

ಇದು ನಮ್ಮ ಮನೆಗಳ ಕತೆ ಮಾತ್ರವಲ್ಲ. ಕೇಂದ್ರ ಸರಕಾರದ ರಾಷ್ಟ್ರೀಯ ಅಂಕಿಅಂಶ ಕಚೇರಿಯು 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಅಂತಹ ಕೆಲಸ ಮಾಡುವ ಪುರುಷರು ವ್ಯಯಿಸುವುದು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆ ನಡೆದಾಗ ಮಹಿಳೆಯರದು 289 ನಿಮಿಷ, ಪುರುಷರದು 88 ನಿಮಿಷ. ಐದು ವರ್ಷಗಳಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿದರೆ ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿಯಿತು! ನಡುವಿನ ಅಂತರ ಇದ್ದಲ್ಲೇ ಇದೆ.

ಹಾಗೆಂದು ಮಗಳ ಹೊರೆಯನ್ನು ಉಮ್ಮನ ತಲೆಗೆ ವರ್ಗಾಯಿಸಿದರೆ ನ್ಯಾಯವಾಗುವುದಿಲ್ಲ. ಉಮ್ಮನ ದಿನವೇನೂ ಖಾಲಿ ಇಲ್ಲ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಸಾವಿರದ ಲೆಕ್ಕ ಒಪ್ಪಿಸುವವರೆಗೆ ಅವಳ ಬೆನ್ನು ನೆಟ್ಟಗಾಗುವುದಿಲ್ಲ. ಎಷ್ಟೋ ಮಕ್ಕಳ ಶಾಲಾ ಫೀಸು ಆ ಬೀಡಿಯ ಮೊರದಿಂದಲೇ ಬಂದಿದೆ. ಮಗಳಿಗೆ ಒಂದು ಗಂಟೆ ಸಿಗಬೇಕಾದದ್ದು ಉಮ್ಮನ ನಿದ್ದೆಯಿಂದ ಅಲ್ಲ. ಅದು ಬರಬೇಕಾದದ್ದು ಮನೆಯ ಉಳಿದವರ ಕೈಯಿಂದ. ಹನ್ನೆರಡು ವರ್ಷದ ತಮ್ಮ ತನ್ನ ಟಿಫಿನ್ ತಾನೇ ತೊಳೆಯಬಲ್ಲ. ಹದಿನೈದರವನು ಅಂಗಳ ಗುಡಿಸಬಲ್ಲ, ಬಟ್ಟೆ ಮಡಚಬಲ್ಲ. ತಂದೆಯವರು ಊಟದ ನಂತರ ಪಾತ್ರೆಗಳನ್ನು ಎತ್ತಿಟ್ಟರೆ ಅವರ ಗೌರವವೇನೂ ಕಡಿಮೆಯಾಗದು. ಸಂಜೆಯ ಒಂದೂವರೆ ಗಂಟೆಯ ಅಡುಗೆ ಮನೆ ಕೆಲಸದಲ್ಲಿ ಇವರೆಲ್ಲ ಸೇರಿ ಮುಕ್ಕಾಲು ಗಂಟೆ ಹೊತ್ತುಕೊಂಡರೆ ಮಗಳ ಒಂದು ಗಂಟೆ ಒಂದೂಮುಕ್ಕಾಲು ಗಂಟೆಯಾಗುತ್ತದೆ. ವಾರದ ಆರು ದಿನಕ್ಕೆ ಅದು ನಾಲ್ಕೂವರೆ ಗಂಟೆಯ ಗಳಿಕೆ.

ದುಡಿಮೆ ಯಾವುದಿರಲಿ, ಲೆಕ್ಕ ಇರಲಿ

ಓದುತ್ತಾ ದುಡಿಯುವುದು ಅವಮಾನದ ವಿಷಯವಲ್ಲ. ಬಸ್ಸಿನ ದುಡ್ಡು, ಪುಸ್ತಕದ ಖರ್ಚು, ಪರೀಕ್ಷಾ ಶುಲ್ಕಕ್ಕೆ ಮನೆಯಲ್ಲಿ ಕೈ ಚಾಚಬೇಕಾಗಿಲ್ಲ ಎಂಬ ನೆಮ್ಮದಿ ಹುಡುಗಿಯರಿಗೆ ದೊಡ್ಡ ಬಲ. ಆದರೆ ಎಲ್ಲ ದುಡಿಮೆಯೂ ಓದಿಗೆ ಒಂದೇ ರೀತಿ ಹೊಂದಿಕೊಳ್ಳುವುದಿಲ್ಲ.

ಟ್ಯೂಶನ್ ಹೇಳಿಕೊಡುವುದು ಮನೆಯಲ್ಲೇ ಆಗುವ ಕೆಲಸ. ಬೇರೆಯವರಿಗೆ ವಿವರಿಸುವಾಗ ನಮ್ಮ ತಿಳಿವಳಿಕೆಯೂ ಗಟ್ಟಿಯಾಗುತ್ತದೆ. ಮೆಹಂದಿ ಹಚ್ಚುವುದು, ಹೊಲಿಗೆ ಇವೆಲ್ಲ ಹಬ್ಬ ಹಾಗೂ ಮದುವೆಯ ಸೀಸನ್ನಿನ ಕೆಲಸಗಳು. ಆಗ ಆದಾಯವಿದೆ, ಆದರೆ ಅದೇ ವೇಳೆಗೆ ಪರೀಕ್ಷೆಯೂ ಬರಬಹುದು. ಸೆಮಿಸ್ಟರಿನ ಆರಂಭದಲ್ಲೇ ಪರೀಕ್ಷೆಯ ಸುಮಾರು ದಿನಾಂಕ ಕೇಳಿ ತಿಳಿದು, ಆ ಎರಡು ವಾರ ಯಾವ ಆರ್ಡರನ್ನೂ ಒಪ್ಪಿಕೊಳ್ಳದಿರುವುದು ಜಾಣತನ. ಬೀಡಿ ಕಟ್ಟುವುದು ಕೈಗೆ, ಕುತ್ತಿಗೆಗೆ, ಬೆನ್ನಿಗೆ ಭಾರ. ತಂಬಾಕಿನ ಧೂಳು ಉಸಿರಿಗೂ ಒಳ್ಳೆಯದಲ್ಲ. ಓದುವ ಹುಡುಗಿಗೆ ಬೇರೆ ದಾರಿ ಇದೆಯೆಂದಾದರೆ ಅದನ್ನೇ ಆಯ್ದುಕೊಳ್ಳಲಿ. ಅಂಗಡಿಯ ಕೆಲಸಕ್ಕೆ ಹೋಗುವವರು ಸಮಯ, ರಜೆ, ಸಂಬಳ ಮೂರನ್ನೂ ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. 'ಸ್ವಲ್ಪ ಹೊತ್ತು ನಿಲ್ಲು' ಎಂಬ ಮಾತು ಕೊನೆಯ ಬಸ್ಸನ್ನೇ ತಪ್ಪಿಸೀತು.

ಗಳಿಸಿದ ಹಣ ಮಗಳ ಹೆಸರಿನ ಖಾತೆಗೇ ಹೋಗಲಿ. ಅದರಲ್ಲಿ ಮನೆಗೆ ಎಷ್ಟು, ಓದಿಗೆ ಎಷ್ಟು ಎಂದು ಅವಳೊಂದಿಗೆ ಕುಳಿತು ನಿಶ್ಚಯಿಸಿ. ತನ್ನ ದುಡಿಮೆಯ ಹಣದಿಂದ ಪರೀಕ್ಷಾ ಶುಲ್ಕ ಕಟ್ಟಿದ ಹುಡುಗಿ ಪರೀಕ್ಷೆಯನ್ನು ಹಗುರವಾಗಿ ಕಾಣುವುದಿಲ್ಲ.

ದುಡಿಯುವ ಗಂಟೆ ಕಡಿಮೆ ಮಾಡಲು ನೆರವಾಗುವ ಸೌಲಭ್ಯಗಳನ್ನೂ ಬಿಟ್ಟುಬಿಡಬಾರದು. ಬೀಡಿ ಕಾರ್ಮಿಕರ ಮಕ್ಕಳ ಶಿಕ್ಷಣಕ್ಕೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವಿದೆ. ಅದಕ್ಕೆ ಉಮ್ಮನ ಬೀಡಿ ಕಾರ್ಮಿಕ ಗುರುತಿನ ಚೀಟಿ ಬೇಕು. ಕಾರ್ಡು ಮಾಡಿಸದೆ ಬೇರೆಯವರ ಹೆಸರಿನಲ್ಲಿ ಬೀಡಿ ಕೊಡುವ ತಾಯಂದಿರು ಈ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ವೃತ್ತಿಪರ ಕೋರ್ಸುಗಳಿಗೆ ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶೈಕ್ಷಣಿಕ ಸಾಲ ಯೋಜನೆಯಿದೆ. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇವನ್ನು ಕಾಲೇಜು ಆರಂಭವಾಗುವ ಮುನ್ನವೇ ಸಿದ್ಧಪಡಿಸಿಡಿ. ಕೊನೆಯ ದಿನ ಸೈಬರ್ ಅಂಗಡಿಯ ಮುಂದೆ ಸಾಲು ನಿಲ್ಲುವುದು ಬೇಡ. ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ 'ಶಕ್ತಿ' ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕರಾವಳಿಯ ಹಳ್ಳಿಗಳಲ್ಲಿ ಅದರ ಲಾಭ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಅಂತಹ ಕಡೆ ವಿದ್ಯಾರ್ಥಿಗಳ ರಿಯಾಯಿತಿ ಪಾಸಿನ ಬಗ್ಗೆ ವಿಚಾರಿಸಿಕೊಳ್ಳಬೇಕು.

ಇರುವ ಒಂದು ಗಂಟೆಯಲ್ಲಿ ಓದುವುದು ಹೇಗೆ?

ಇನ್ನು ವಿದ್ಯಾರ್ಥಿನಿಯರೊಂದಿಗೆ ಒಂದೆರಡು ಮಾತು.

ಸಮಯ ಕಡಿಮೆ ಇರುವವರು ಓದುವ ರೀತಿಯನ್ನು ಬದಲಿಸಿಕೊಳ್ಳಬೇಕು. ಕೇಳಿದ್ದು, ಓದಿದ್ದು ಮೊದಲ ಒಂದೆರಡು ದಿನಗಳಲ್ಲೇ ಅತಿ ವೇಗವಾಗಿ ಮರೆತು ಹೋಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ನಡೆಸಿ ತೋರಿಸಿಕೊಟ್ಟ. ಹಾಗಾಗಿ ಇಂದಿನ ಪಾಠವನ್ನು ಇಂದೇ ಹದಿನೈದು ನಿಮಿಷ ಮೆಲುಕು ಹಾಕಿದರೆ, ಪರೀಕ್ಷೆಯ ಹಿಂದಿನ ದಿನ ಮೂರು ಗಂಟೆ ಕಷ್ಟಪಡುವುದು ತಪ್ಪುತ್ತದೆ.

ಬಸ್ಸಿನಲ್ಲಿ ಪುಸ್ತಕ ತೆರೆದು ಓದುವುದು ಎಲ್ಲರಿಗೂ ಆಗದು. ಆದರೆ ಪುಸ್ತಕ ಮುಚ್ಚಿಟ್ಟು, 'ಇಂದು ಮೊದಲ ಪಿರಿಯಡ್‌ನಲ್ಲಿ ಏನು ಹೇಳಿದರು?' ಎಂದು ಮನಸ್ಸಿನಲ್ಲೇ ಕೇಳಿಕೊಂಡು ಉತ್ತರಿಸಬಹುದು. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದರಿಂದ ನೆನಪು ಹೆಚ್ಚು ಕಾಲ ಉಳಿಯುತ್ತದೆ. ಪ್ರತಿ ಪಾಠಕ್ಕೆ ಐದು ಪ್ರಶ್ನೆಗಳನ್ನು ಸಣ್ಣ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸೀಟು ಸಿಗದ ದಿನವೂ ಕಂಬಿ ಹಿಡಿದು ನಿಂತು ಅವಕ್ಕೆ ಉತ್ತರ ಹೇಳಿಕೊಳ್ಳಬಹುದು.

ಮೊಬೈಲನ್ನು ಆ ಒಂದು ಗಂಟೆ ಇನ್ನೊಂದು ಕೋಣೆಯಲ್ಲಿಡಿ. ಪಾಠಕ್ಕೆ ಮೊಬೈಲ್ ಬೇಕೇ ಬೇಕೆಂದರೆ ಬೇಕಾದ ನೋಟ್ಸನ್ನು ಮೊದಲೇ ಇಳಿಸಿಕೊಂಡು ಇಂಟರ್ನೆಟ್ ಆಫ್ ಮಾಡಿ. ಒಂದು ಸಂದೇಶ ನೋಡಲು ಎತ್ತಿಕೊಂಡ ಮೊಬೈಲ್ ಅರ್ಧ ಗಂಟೆ ನುಂಗಿದ ಅನುಭವ ಯಾರಿಗಿಲ್ಲ?

ರಮಝಾನ್ ತಿಂಗಳನ್ನೂ ವರ್ಷದ ಯೋಜನೆಯಲ್ಲಿ ಸೇರಿಸಿಕೊಳ್ಳಿ. ಚಾಂದ್ರಮಾನ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ರಮಝಾನ್ ವರ್ಷವರ್ಷವೂ ಹಿಂದೆ ಸರಿಯುತ್ತಾ ಕೆಲವು ವರ್ಷ ಪರೀಕ್ಷೆಯ ತಿಂಗಳಲ್ಲೇ ಬರುತ್ತದೆ. ಅದು ಯಾವಾಗ ಬರುತ್ತದೆಂಬುದು ಮೊದಲೇ ಗೊತ್ತಿರುವುದರಿಂದ ಕಠಿಣ ಪಾಠಗಳನ್ನು ಅದಕ್ಕೂ ಮುನ್ನ ಮುಗಿಸಬಹುದು. ಮನೆಯವರೂ ಆ ವರ್ಷ ಇಫ್ತಾರಿನ ತಿಂಡಿಗಳ ಪಟ್ಟಿಯನ್ನು ಸ್ವಲ್ಪ ಚಿಕ್ಕದಾಗಿಸಿದರೆ ಅಡುಗೆ ಮನೆಯಲ್ಲಿ ಎಲ್ಲರಿಗೂ ಬಿಡುವು ಸಿಕ್ಕೀತು.

ನಿತ್ಯ ಕಾಲೇಜಿಗೆ ಹೋಗುವುದು ಅಸಾಧ್ಯವೇ ಆದರೆ ಓದು ಅಲ್ಲಿಗೇ ಮುಗಿಯಬೇಕಾಗಿಲ್ಲ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇರುವುದೇ ಇಂತಹವರಿಗಾಗಿ. ಮದುವೆಯಾಗಿ ಓದು ಅರ್ಧಕ್ಕೆ ನಿಂತ ಸಹೋದರಿಯರಿಗೂ ಇದು ತೆರೆದ ಬಾಗಿಲು. ಆದರೆ ಶುಲ್ಕ ಕಟ್ಟುವ ಮುನ್ನ ಆ ಕೋರ್ಸಿಗೆ ಆ ವರ್ಷ ಯುಜಿಸಿಯ ಮಾನ್ಯತೆ ಇದೆಯೇ ಎಂದು ತಪ್ಪದೆ ಪರಿಶೀಲಿಸಿ.

ಅಟ್ಟ ಸೇರಿದ ಕಸೂತಿಯ ಬಗ್ಗೆ

ಸಮಯದ ಅಭಾವದಲ್ಲಿ ಮೊದಲು ಬಲಿಯಾಗುವುದು ಹವ್ಯಾಸ ಎಂದೆವಲ್ಲ? ಅದು ನಿಜಕ್ಕೂ ಅಷ್ಟು ಚಿಕ್ಕ ನಷ್ಟವೇ?

ಸಾರಾ ಅಬೂಬಕರ್ ಅವರನ್ನು ನೆನಪಿಸಿಕೊಳ್ಳಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರಿಗೆ ಇನ್ನೂ ಓದಬೇಕೆಂಬ ಆಸೆಯಿತ್ತು. ಹೈಸ್ಕೂಲಿನ ಬಳಿಕ ಮದುವೆ, ನಾಲ್ವರು ಮಕ್ಕಳು, ಸಂಸಾರ. ಓದುವ ಹವ್ಯಾಸವನ್ನು ಮಾತ್ರ ಅವರು ಬಿಡಲಿಲ್ಲ. ಅವರ ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರ ವಯಸ್ಸು ನಲವತ್ತೈದರ ಆಸುಪಾಸು. ನಾಡಿನ ಮುಸ್ಲಿಮ್ ಹೆಣ್ಣುಮಕ್ಕಳ ಬದುಕನ್ನು ಕನ್ನಡದಲ್ಲಿ ಬರೆದ ಆ ಕೈಗಳು ಅದುವರೆಗೂ ಸೌಟು ಹಿಡಿದಿದ್ದ ಕೈಗಳೇ. 2023ರ ಜನವರಿಯಲ್ಲಿ ಅವರು ನಿಧನರಾದಾಗ ಇಡೀ ನಾಡು ಅವರನ್ನು ಸ್ಮರಿಸಿತು.

ಹಾಸನದ ಬಾನು ಮುಷ್ತಾಕ್ ಅವರು ಪತ್ರಕರ್ತೆಯಾಗಿ, ವಕೀಲೆಯಾಗಿ ದುಡಿಯುತ್ತಲೇ ಕತೆ ಬರೆದವರು. ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಕೃತಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ನಮ್ಮ ಮಗಳೂ ಪ್ರಶಸ್ತಿ ತರಬೇಕೆಂದು ಇದರ ಅರ್ಥವಲ್ಲ. ಕಸೂತಿ, ಕವನ, ಚಿತ್ರ, ಕೈತೋಟ, ಕ್ಯಾಲಿಗ್ರಫಿ ಯಾವುದೇ ಇರಲಿ, ದಿನಕ್ಕೆ ಇಪ್ಪತ್ತು ನಿಮಿಷ ತನ್ನ ಇಷ್ಟದ ಕೆಲಸ ಮಾಡಿದ ಹುಡುಗಿ ಉಳಿದ ಕೆಲಸಗಳಿಗೆ ಹಗುರ ಮನಸ್ಸಿನಿಂದ ಮರಳುತ್ತಾಳೆ. ತರಗತಿ ಕಾಲೇಜು ಹೇಳಿದ್ದು, ಟ್ಯೂಶನ್ ಅಗತ್ಯ ಹೇಳಿದ್ದು, ಅಡುಗೆ ಮನೆ ರೂಢಿ ಹೇಳಿದ್ದು. ಅವಳೇ ಆರಿಸಿಕೊಂಡದ್ದು ಇದೊಂದೇ. ಅದನ್ನೂ ಕಿತ್ತುಕೊಂಡರೆ ದಿನದಲ್ಲಿ 'ನನ್ನದು' ಎನ್ನಲು ಅವಳಿಗೆ ಏನು ಉಳಿಯುತ್ತದೆ?

ಒಂದು ಕಾಗದ, ಒಂದು ಸಂಜೆ

ಪ್ರೀತಿಯ ತಾಯಂದಿರೇ, ಈ ಭಾನುವಾರ ಒಂದು ಸಣ್ಣ ಕೆಲಸ ಮಾಡಿ. ಮನೆ ಮಂದಿಯೆಲ್ಲ ಕುಳಿತು ಒಂದು ಕಾಗದದಲ್ಲಿ ಪ್ರತಿಯೊಬ್ಬರ ಇಪ್ಪತ್ತನಾಲ್ಕು ಗಂಟೆಯನ್ನು ಬರೆಯಿರಿ. ಮಗಳದು, ಮಗನದು, ತಂದೆಯದು, ನಿಮ್ಮದೂ ಇರಲಿ. ಯಾರ ಸಾಲಿನಲ್ಲಿ ಬಿಡುವು ಹೆಚ್ಚಿದೆ, ಯಾರ ಸಾಲಿನಲ್ಲಿ ಉಸಿರಾಡಲೂ ಎಡೆಯಿಲ್ಲ ಎಂಬುದು ಅಲ್ಲೇ ಕಾಣುತ್ತದೆ. ಬೈಯುವ, ದೂರುವ ಅಗತ್ಯವೇ ಬೀಳದು. ಬಳಿಕ ಎರಡು ಸಂಗತಿಗಳನ್ನು ಎಲ್ಲರೂ ಸೇರಿ ನಿಶ್ಚಯಿಸಿ. ಮದುವೆ, ಅತಿಥಿ, ಮನೆಗೆಲಸಕ್ಕಾಗಿ ಮಗಳ ಕಾಲೇಜನ್ನು ತಪ್ಪಿಸುವುದಿಲ್ಲ ಎಂಬುದು ಒಂದು. ರಾತ್ರಿಯ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಅವಳನ್ನು ಯಾರೂ ಕರೆಯುವುದಿಲ್ಲ ಎಂಬುದು ಇನ್ನೊಂದು.

ಮಗಳಿಗೆ ಚಿನ್ನ ಮಾಡಿಸಲು ವರ್ಷಗಟ್ಟಲೆ ಪೈಸೆ ಪೈಸೆ ಕೂಡಿಡುವ ತಾಯಂದಿರು ನಾವು. ಅದೇ ಕಾಳಜಿಯಿಂದ ಅವಳಿಗಾಗಿ ದಿನಕ್ಕೊಂದಿಷ್ಟು ನಿಮಿಷಗಳನ್ನೂ ಕೂಡಿಡೋಣ. ಡಿಗ್ರಿಯ ಮೂರು ವರ್ಷ ಕಳೆದ ಮೇಲೆ ಬೇಕೆಂದರೂ ಅವು ಮರಳಿ ಸಿಗುವುದಿಲ್ಲ.